ಅಪರಿಚಿತ ಎಂಜಿನ್ನನ್ನು ಬಿಚ್ಚಿ ಕಟ್ಟುವುದು: ಬೆಂಗಳೂರಿನ ಡಾಲ್ಫಿನ್ ಕಾರಿನ ನೆಪದಲ್ಲಿ

ಫೋರ್ಟ್ ಲೀಯ ನಮ್ಮ ಮನೆಗೆ ಇಂಗ್ಲೆಂಡಿನಿಂದ ಒಂದು ಅಂಚೆ ಪೆಟ್ಟಿಗೆ ಬಂದಾಗ, ಅದರ ಮೇಲಿದ್ದ ‘ರಿಲಯಂಟ್’ ಎಂಬ ಹೆಸರನ್ನು ಓದಿದ ನೆರೆಮನೆಯ ಕನ್ನಡಿಗರು, “ಏನು ಡಾಕ್ಟರೇ, ರಿಲಯನ್ಸ್‌ನವರು ಈಗ ಕಾರಿನ ಸಾಮಾನೂ ಮಾರುತ್ತಾರೆಯೇ?” ಎಂದು ಕೇಳಿದರು. ತಪ್ಪು ಅವರದಲ್ಲ. ಬ್ರಿಟನ್ನಿನ ಹೊರಗೆ ರಿಲಯಂಟ್ ಎಂಬ ಕಾರು ತಯಾರಕರ ಹೆಸರು ಕೇಳಿದವರು ಕಡಿಮೆ. ಆ ಸಂಸ್ಥೆಯ ಎಂಜಿನ್ ಹೊತ್ತ ಕಾರೊಂದು ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗುತ್ತಿತ್ತು ಎಂಬುದನ್ನು ಬೆಂಗಳೂರಿಗರೇ ಬಹುಮಟ್ಟಿಗೆ ಮರೆತಿದ್ದಾರೆ. ಆ ಕಾರಿನ ಹೆಸರು ಡಾಲ್ಫಿನ್. 1984ರಲ್ಲಿ ನನ್ನ ತಂದೆಯವರು ಕೊಂಡಿದ್ದ ಡಾಲ್ಫಿನ್ನಿನ ಎಂಜಿನ್ನನ್ನು ಮೂರು ಚಳಿಗಾಲದ ರಜೆಗಳಲ್ಲಿ ಬಿಚ್ಚಿ ಕಟ್ಟಿದ ಅನುಭವವನ್ನು ಆಧಾರವಾಗಿಟ್ಟುಕೊಂಡು, ಅಪರಿಚಿತ ತಯಾರಕರ ಎಂಜಿನ್ನೊಂದನ್ನು ಹೇಗೆ ಸಮೀಪಿಸಬೇಕು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ. ನಾನು ವೃತ್ತಿಯಿಂದ ವೈದ್ಯ, ಎಂಜಿನಿಯರ್ ಅಲ್ಲ. ಆದ್ದರಿಂದ ನಾನು ಮಾಡಿದ ತಪ್ಪುಗಳನ್ನೂ ಮರೆಮಾಚದೆ ಬರೆದಿದ್ದೇನೆ.

ಕಾರಿನ ವಂಶಾವಳಿ

ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದಲ್ಲಿ ಟಾಮ್ ವಿಲಿಯಮ್ಸ್ ಎಂಬವರು 1935ರಲ್ಲಿ ರಿಲಯಂಟ್ ಸಂಸ್ಥೆಯನ್ನು ಆರಂಭಿಸಿದರು. ಅವರು ಅದಕ್ಕೂ ಮೊದಲು ಸೈಕಲ್ಲಿಗೆ ಹೆಸರಾದ ರ‍್ಯಾಲಿ ಸಂಸ್ಥೆಯಲ್ಲಿ ಮೂರು ಚಕ್ರದ ವಾಹನಗಳ ವಿಭಾಗದಲ್ಲಿದ್ದರು. ರ‍್ಯಾಲಿ ಆ ವಿಭಾಗವನ್ನು ಮುಚ್ಚಿದಾಗ ಅದೇ ಕೆಲಸವನ್ನು ಸ್ವಂತವಾಗಿ ಮುಂದುವರಿಸಿದರು. 1938ರಿಂದ ಅವರ ವಾಹನಗಳಿಗೆ ಆಸ್ಟಿನ್ ಸೆವೆನ್ ಕಾರಿನ ಎಂಜಿನ್ ಬಳಕೆಯಾಗುತ್ತಿತ್ತು. ಆಸ್ಟಿನ್ ಆ ಎಂಜಿನ್ನಿನ ತಯಾರಿಕೆಯನ್ನು ನಿಲ್ಲಿಸಿದ್ದರಿಂದ, ರಿಲಯಂಟ್ ತನ್ನದೇ ಎಂಜಿನ್ ತಯಾರಿಸಬೇಕಾಯಿತು. 1962ರಲ್ಲಿ ಅವರು ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಮ್ಮಿನವಾದ ನಾಲ್ಕು ಸಿಲಿಂಡರಿನ 598 ಸಿಸಿ ಎಂಜಿನ್ನನ್ನು ಹೊರತಂದರು. ಅದೇ ವಿನ್ಯಾಸ ಹಂತಹಂತವಾಗಿ ಬೆಳೆದು 1975ರ ಹೊತ್ತಿಗೆ 848 ಸಿಸಿ ತಲುಪಿತು. ಆ ವರ್ಷ ಬಂದ, ನಾಲ್ಕು ಚಕ್ರದ ‘ಕಿಟನ್’ ಎಂಬ ಪುಟ್ಟ ಕಾರಿಗೆ ಈ ಎಂಜಿನ್ ಹೊಂದಿಸಲಾಗಿತ್ತು. ಕಾರಿನ ಹೊರಮೈ ಫೈಬರ್ ಗ್ಲಾಸಿನದು.

ಕರ್ನಾಟಕಕ್ಕೆ ಕಾರು ತಯಾರಿಕೆಯ ಕನಸು ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡು ಬಂದು ಭಾರತದಲ್ಲಿ ಮೋಟಾರು ಉದ್ಯಮ ಸ್ಥಾಪಿಸುವ ಯೋಜನೆ ರೂಪಿಸಿದ್ದರು. ಅದು ಮೈಸೂರು ಸೀಮೆಯಲ್ಲಿ ಕೈಗೂಡಲಿಲ್ಲ. 1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಜಾವಾ ಮೋಟಾರ್ ಸೈಕಲ್ ಬಂದಿತು. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಎಂಬ ಸಂಸ್ಥೆ ‘ಬಾದಲ್’ ಎಂಬ ಮೂರು ಚಕ್ರದ ಫೈಬರ್ ಗ್ಲಾಸ್ ವಾಹನವನ್ನು ತಯಾರಿಸಿತು. ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಇದೇ ಸಂಸ್ಥೆ ರಿಲಯಂಟ್ ಕಿಟನ್ನಿನ ವಿನ್ಯಾಸವನ್ನು ಪಡೆದು, 1982ರಲ್ಲಿ ಡಾಲ್ಫಿನ್ ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ತಯಾರಿಸತೊಡಗಿತು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನಷ್ಟೇ ಕಂಡಿದ್ದ ಕಾಲದಲ್ಲಿ ಡಾಲ್ಫಿನ್ ಹಗುರವೂ ಚುರುಕೂ ಆದ ಕಾರು. ಮದ್ರಾಸಿನ ಬಳಿಯ ಶೋಲಾವರಂ ಪಂದ್ಯಗಳಲ್ಲಿಯೂ ರ‍್ಯಾಲಿಗಳಲ್ಲಿಯೂ ಅದನ್ನು ಓಡಿಸುತ್ತಿದ್ದವರಿದ್ದರು. ಆದರೆ ಬಾಗಿಲು ಎರಡೇ. ಹೊರಮೈ ತಗಡಿನದಲ್ಲ, ‘ಪ್ಲಾಸ್ಟಿಕ್ಕು’ ಎಂಬ ಅಪಖ್ಯಾತಿ ಬೇರೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ನಿನ ದಾರಿ ಕಿರಿದಾಯಿತು. ನಾಲ್ಕು ಬಾಗಿಲುಗಳ ‘ಮೊಂಟಾನಾ’ ಬಂದರೂ ಪರಿಸ್ಥಿತಿ ಬದಲಾಗಲಿಲ್ಲ. 1990ರ ದಶಕದಲ್ಲಿ ಸಿಪಾನಿ ಸಂಸ್ಥೆ ರೋವರ್ ಮಾಂಟೆಗೊ ಕಾರನ್ನು ಜೋಡಿಸುವ ಪ್ರಯತ್ನವನ್ನೂ ಮಾಡಿತು, ಅದೂ ನೆಲೆಗೊಳ್ಳಲಿಲ್ಲ. ರಿಲಯಂಟ್ ಕೂಡ 2001ರಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸಿತು. ಹೀಗೆ ಹೆತ್ತವರೂ ಸಾಕಿದವರೂ ಇಲ್ಲದ ಎಂಜಿನ್ ಒಂದು ನಮ್ಮ ಬೆಂಗಳೂರಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಉಳಿದಿತ್ತು.

ರೋಗದ ಪೂರ್ವ ಚರಿತ್ರೆ

1989ರಲ್ಲಿ ನಂದಿಬೆಟ್ಟದ ಏರಿನಲ್ಲಿ ಕಾರು ಕಾದು ನಿಂತಿತು. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಬದಲಿಸಿದರು. ಕೆಲವು ವಾರಗಳಲ್ಲಿ ಎಂಜಿನ್ ಆಯಿಲಿನಲ್ಲಿ ನೀರು ಸೇರಿ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತು. ಮತ್ತೆ ಗ್ಯಾಸ್ಕೆಟ್, ಮತ್ತೆ ನೀರು. ಮೂರನೆಯ ಸಲ ಹೀಗಾದ ಮೇಲೆ ಗ್ಯಾರೇಜಿನವರು ಕಾರೇ ಸರಿಯಿಲ್ಲವೆಂದರು. ಮನೆಯಲ್ಲಿ ನಾವು ಗ್ಯಾರೇಜಿನವರು ಸರಿಯಿಲ್ಲವೆಂದೆವು. ನೆಂಟರು ಇಂಥ ಕಾರು ಕೊಂಡ ತಂದೆಯವರ ತೀರ್ಮಾನವೇ ಸರಿಯಿಲ್ಲವೆಂದರು. ತಂದೆಯವರು ಯಾರಿಗೂ ಉತ್ತರ ಕೊಡದೆ ಕಾರಿಗೆ ಟಾರ್ಪಾಲು ಹೊದಿಸಿದರು. 2022ರ ಡಿಸೆಂಬರಿನಲ್ಲಿ ರಜೆಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. ಶೆಡ್ಡು ಕೆಡವಿ ಮನೆ ವಿಸ್ತರಿಸಬೇಕೆಂದು ತಮ್ಮ ಹೇಳಿದ. ಕಾರನ್ನು ಗುಜರಿಗೆ ಕೊಡುವ ಮುನ್ನ, “ಅದಕ್ಕೆ ನಿಜವಾಗಿ ಏನಾಗಿತ್ತು ಅಂತ ಒಂದು ಸಲ ನೋಡು,” ಎಂದು ತಂದೆಯವರು ಕೇಳಿದರು. ಓಡಿಸಿ ತೋರಿಸೆಂದು ಅವರು ಕೇಳಲಿಲ್ಲ. ಕಾರಣ ತಿಳಿಯಬೇಕೆಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಬಿಚ್ಚುವ ಮುನ್ನ

ಪರಿಚಯವಿಲ್ಲದ ಎಂಜಿನ್ನಿಗೆ ಸ್ಪ್ಯಾನರ್ ಹಚ್ಚುವ ಮೊದಲು ಮೂರು ಕೆಲಸಗಳಿವೆ.

ಮೊದಲನೆಯದು ಗುರುತು. ಪ್ರತಿಯೊಂದು ಕೊಳವೆ, ತಂತಿ, ಬೋಲ್ಟು ಎಲ್ಲಿತ್ತೆಂಬುದನ್ನು ಚಿತ್ರ ತೆಗೆದು, ಚೀಟಿ ಕಟ್ಟಿ ಇಡಬೇಕು. ಬೇರಿಂಗಿನ ಮುಚ್ಚಳಗಳು, ಪುಶ್ ರಾಡುಗಳು, ವಾಲ್ವುಗಳು ಸವೆದು ತಮ್ಮ ತಮ್ಮ ಜಾಗಕ್ಕೇ ಹೊಂದಿಕೊಂಡಿರುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ತೂತು ಮಾಡಿದ ರಟ್ಟಿನಲ್ಲಿ ಅವುಗಳನ್ನು ಸಾಲಾಗಿ ಚುಚ್ಚಿಡುವುದು ಹಳೆಯ ಮೆಕ್ಯಾನಿಕ್‌ಗಳ ಪದ್ಧತಿ. ಅದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ಎರಡನೆಯದು ಅಳತೆಯ ಭಾಷೆ. ಡಾಲ್ಫಿನ್ ಬೆಂಗಳೂರಿನಲ್ಲಿ ಹುಟ್ಟಿದರೂ ಅದರ ಎಂಜಿನ್ ಇಂಚಿನ ಲೆಕ್ಕದ್ದು. ಮಿಲಿಮೀಟರ್ ಸ್ಪ್ಯಾನರ್ ‘ಸುಮಾರಾಗಿ’ ಹೊಂದಿದಂತೆ ಕಾಣುತ್ತದೆ. ಬಲ ಹಾಕಿದಾಗ ಬೋಲ್ಟಿನ ಮೂಲೆಗಳನ್ನು ಸವರಿಹಾಕುತ್ತದೆ. ಇಂದಿನ ಬೆಂಗಳೂರಿನಲ್ಲಿ ಹುಡುಕಬೇಕಾದ ಇಂಚಿನ ಸ್ಪ್ಯಾನರುಗಳು ನ್ಯೂಜೆರ್ಸಿಯ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಅಮೆರಿಕದಲ್ಲಿ ನೆಲೆಸಿದ್ದರಿಂದ ಈ ಕೆಲಸಕ್ಕೆ ದೊರೆತ ಮೊದಲ ಅನುಕೂಲ ಅದು.

ಮೂರನೆಯದು ಪರೀಕ್ಷೆ. ಎಂಜಿನ್ ತಿರುಗುವಂತಿದ್ದರೆ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಬೇಕು. ಅಂಕಿ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ನಾಲ್ಕೂ ಸಮವಾಗಿವೆಯೇ ಎಂಬುದು ಮುಖ್ಯ. ಪಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡ ತಗ್ಗಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಸಂಶಯಪಡಬೇಕು. ಓಡುವ ಎಂಜಿನ್ನಾದರೆ, ರೇಡಿಯೇಟರಿನ ಬಾಯಿಂದ ಏಳುವ ಗಾಳಿಯನ್ನು ನೀಲಿ ದ್ರಾವಣವೊಂದರ ಮೂಲಕ ಹಾಯಿಸುವ ಪರೀಕ್ಷೆಯಿದೆ. ಹೊಗೆಯ ಇಂಗಾಲದ ಡೈ ಆಕ್ಸೈಡ್ ಅದರಲ್ಲಿದ್ದರೆ ದ್ರಾವಣ ಹಳದಿಯಾಗುತ್ತದೆ. ಆ ದ್ರಾವಣದಲ್ಲಿರುವುದು ಬ್ರೋಮೊಥೈಮಾಲ್ ಬ್ಲೂ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಊದುಕೊಳವೆಯಿಂದ ಊದಿ ಬಣ್ಣ ಬದಲಿಸಿದ ನೆನಪು ಹಲವರಿಗೆ ಇರಬಹುದು.

ತಯಾರಕರ ಕೈಪಿಡಿ ಇಲ್ಲದಿದ್ದರೂ ಎಂಜಿನ್ನಿನಿಂದಲೇ ತಿಳಿಯಬಹುದಾದ ಸಂಗತಿಗಳು ಹಲವು. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ವಾಲ್ವುಗಳ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ ಮೆಲ್ಲನೆ ತಿರುಗಿಸಿದರೆ ಒಳಸೇರುವ ವಾಲ್ವುಗಳು ಯಾವ ಸರದಿಯಲ್ಲಿ ತೆರೆಯುತ್ತವೆಂಬುದು ಕಾಣುತ್ತದೆ. ಕಿಡಿ ಹಾರುವ ಸರದಿಯೂ ಅದೇ. ಪಿಸ್ಟನ್ ರಿಂಗಿನ ತುದಿಗಳ ನಡುವೆ ಎಷ್ಟು ಸಂದು ಬಿಡಬೇಕೆಂಬುದಕ್ಕೂ ಸ್ಥೂಲ ನಿಯಮವಿದೆ: ಸಿಲಿಂಡರಿನ ಅಗಲದ ಪ್ರತಿ ಇಂಚಿಗೆ ಇಂಚಿನ ಸಾವಿರದ ನಾಲ್ಕು ಭಾಗ. ಈ ಎಂಜಿನ್ನಿನ ಸಿಲಿಂಡರ್ 62.5 ಮಿಲಿಮೀಟರ್, ಅಂದರೆ ಸುಮಾರು ಎರಡೂವರೆ ಇಂಚು ಅಗಲ. ಸಂದು ಕಾಲು ಮಿಲಿಮೀಟರಿನ ಆಸುಪಾಸು ಇರಬೇಕು. ಆದರೆ ಕೈಪಿಡಿಯಿಲ್ಲದೆ ತಿಳಿಯಲಾಗದ ಸಂಗತಿಗಳೂ ಇವೆ. ನಾನು ಎಡವಿದ್ದು ಅಲ್ಲಿ.

ಹೆಡ್ಡು ಮತ್ತು ಲೈನರು

ಹೆಡ್ಡನ್ನು ಎತ್ತಲು ನನಗೂ ನೆರವಿಗೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರಿಗೂ ಮೂರು ದಿನ ಹಿಡಿಯಿತು. ಅಲ್ಯೂಮಿನಿಯಮ್ ಹೆಡ್ಡನ್ನು ಹಾದುಬರುವ ಉಕ್ಕಿನ ಸ್ಟಡ್ಡುಗಳ ಸುತ್ತ ಬಿಳಿಯ ಪುಡಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಎರಡು ಬೇರೆ ಬೇರೆ ಲೋಹಗಳು ಉಪ್ಪಿನಂಶವಿರುವ ನೀರಿನಲ್ಲಿ ಒಟ್ಟಿಗಿದ್ದರೆ ಅದು ಪುಟ್ಟ ಬ್ಯಾಟರಿಯಂತಾಗುತ್ತದೆ. ಇಲ್ಲಿ ಸವೆಯುವುದು ಅಲ್ಯೂಮಿನಿಯಮ್. ಇದನ್ನು ತಡೆಯುವ ಪದಾರ್ಥಗಳು ‘ಆ್ಯಂಟಿಫ್ರೀಜ್’ ಎಂದು ಮಾರುವ ಕೂಲೆಂಟಿನಲ್ಲಿರುತ್ತವೆ. ಆ ಹೆಸರೇ ನಮ್ಮವರನ್ನು ದಾರಿ ತಪ್ಪಿಸಿತು. ಹೆಪ್ಪುಗಟ್ಟದಂತೆ ತಡೆಯುವ ದ್ರವ ಹಿಮವೇ ಬೀಳದ ಬೆಂಗಳೂರಿಗೆ ಏಕೆ? ಹೀಗೆಂದುಕೊಂಡು ಎಲ್ಲರೂ ಕೊಳವೆಬಾವಿಯ ಗಡಸು ನೀರನ್ನೇ ಸುರಿಯುತ್ತಿದ್ದರು. ಎರಕದ ಕಬ್ಬಿಣದ ಅಂಬಾಸಿಡರ್ ಎಂಜಿನ್ ಅದನ್ನು ಬಹುಕಾಲ ಸಹಿಸಿಕೊಳ್ಳುತ್ತಿತ್ತು. ಈ ಎಂಜಿನ್ ಸಹಿಸಲಿಲ್ಲ. ನ್ಯೂಜೆರ್ಸಿಯ ಚಳಿಯಲ್ಲಿ ಯಾರೂ ಎರಡನೆಯ ಸಲ ಯೋಚಿಸದೆ ತುಂಬಿಸುವ ದ್ರವ ಅದು.

ಹೆಡ್ಡು ಕೈಗೆ ಬಂದ ಸಂತೋಷದಲ್ಲಿ ಪಿಸ್ಟನ್ನುಗಳು ಹೇಗಿವೆಯೆಂದು ನೋಡಲು ನಾನು ಕ್ರ್ಯಾಂಕನ್ನು ಅರ್ಧ ಸುತ್ತು ತಿರುಗಿಸಿದೆ. ಒಂದು ಸಿಲಿಂಡರಿನ ಗೋಡೆಯೇ ಪಿಸ್ಟನ್ನಿನೊಡನೆ ಒಂದಿಷ್ಟು ಮೇಲೆದ್ದಂತೆ ಕಂಡಿತು. ಹೆಬ್ಬೆರಳಿನಿಂದ ಒತ್ತಿದೆ, ಕೆಳಗಿಳಿಯಿತು. ಅದಕ್ಕೆ ಮಹತ್ವ ಕೊಡಲಿಲ್ಲ. ಹೆಡ್ಡನ್ನು ಬಿಸಿನೀರಿನಲ್ಲಿ ತೊಳೆದು, ಪೆಟ್ರೋಲು, ಆಯಿಲಿನ ವಾಸನೆಯೇ ಉಳಿಯದಂತೆ ಮಾಡಿ, ಪೆಟ್ಟಿಗೆಯಲ್ಲಿಟ್ಟು ಫೋರ್ಟ್ ಲೀಗೆ ತಂದೆ. ಹಪ್ಪಳ, ಚಟ್ನಿಪುಡಿಗಳಿಗೆ ಆ ಸಲ ಜಾಗವಿರಲಿಲ್ಲ. ಇಲ್ಲಿನ ಲೇತ್ ಕೆಲಸದವರೊಬ್ಬರು, ತಾವು ಹೆಸರೇ ಕೇಳದ ಎಂಜಿನ್ನಿನ ಹೆಡ್ಡಿಗೆ ಸವೆದ ಕಡೆಗಳಲ್ಲಿ ವೆಲ್ಡಿಂಗ್ ಮಾಡಿ, ಮುಖವನ್ನು ಸಮತಟ್ಟಾಗಿಸಿ ಕೊಟ್ಟರು. 2023ರ ಡಿಸೆಂಬರಿನಲ್ಲಿ ಹೊಸ ಗ್ಯಾಸ್ಕೆಟ್ಟಿನೊಡನೆ ಅದನ್ನು ಕೂರಿಸಿದೆವು. ಎಂಜಿನ್ ಹೊತ್ತಿಕೊಂಡಿತು. ನಲವತ್ತು ನಿಮಿಷಗಳಲ್ಲಿ ಆಯಿಲು ಹಾಲಿನ ಬಣ್ಣಕ್ಕೆ ತಿರುಗಿತು. 1989ರಲ್ಲಿ ಕಂಡ ಬಣ್ಣವೇ ಮತ್ತೆ.

ಕಾರಣ ತಿಳಿದದ್ದು ಫೋರ್ಟ್ ಲೀಗೆ ಮರಳಿ, ಈ ಎಂಜಿನ್ನಿನ ರಚನೆಯನ್ನು ಸರಿಯಾಗಿ ಓದಿದ ಮೇಲೆ. ಅನೇಕ ಎಂಜಿನ್ನುಗಳಲ್ಲಿ ಸಿಲಿಂಡರು ಬ್ಲಾಕಿನಲ್ಲಿಯೇ ಕೊರೆದ ತೂತು. ರಿಲಯಂಟಿನಲ್ಲಿ ಹಾಗಲ್ಲ. ಎರಕದ ಕಬ್ಬಿಣದ ನಾಲ್ಕು ಬಿಡಿ ಕೊಳವೆಗಳನ್ನು ಅಲ್ಯೂಮಿನಿಯಮ್ ಬ್ಲಾಕಿನೊಳಗೆ ನಿಲ್ಲಿಸಲಾಗಿರುತ್ತದೆ. ಅವುಗಳ ಸುತ್ತ ನೇರವಾಗಿ ನೀರು ಹರಿಯುತ್ತದೆ. ಆದ್ದರಿಂದ ಅವು ‘ವೆಟ್ ಲೈನರ್’ಗಳು. ಬುಡದಲ್ಲಿ ತೆಳುವಾದ ಗ್ಯಾಸ್ಕೆಟ್ಟಿನ ಮೇಲೆ ಕುಳಿತ ಅವನ್ನು ಹಿಡಿದಿಡುವುದು ಮೇಲಿನಿಂದ ಹೆಡ್ಡು ಒತ್ತುವ ಬಲ ಮಾತ್ರ. ಹೆಡ್ಡು ತೆಗೆದಾಗ ಅವು ಯಾವ ಹಿಡಿತವೂ ಇಲ್ಲದೆ ನಿಂತಿರುತ್ತವೆ. ಆಗ ಕ್ರ್ಯಾಂಕನ್ನು ತಿರುಗಿಸಿದರೆ ಪಿಸ್ಟನ್ ರಿಂಗುಗಳ ಎಳೆತಕ್ಕೆ ಲೈನರ್ ಮೇಲೇಳುತ್ತದೆ. ಬುಡದ ಗ್ಯಾಸ್ಕೆಟ್ ಹರಿಯುತ್ತದೆ, ಇಲ್ಲವೆ ಅದರಡಿಗೆ ತುಕ್ಕಿನ ಕಣ ಸೇರುತ್ತದೆ. ಮೇಲಿನ ಗ್ಯಾಸ್ಕೆಟ್ ಎಷ್ಟೇ ಹೊಸದಾದರೂ ನೀರು ಬುಡದಿಂದ ನೇರವಾಗಿ ಆಯಿಲಿಗೆ ಇಳಿಯುತ್ತದೆ. ಹೆಡ್ಡು ಬಿಚ್ಚಿದೊಡನೆ ಲೈನರುಗಳನ್ನು ವಾಷರು, ನಟ್ಟುಗಳಿಂದ ಒತ್ತಿ ಹಿಡಿಯಬೇಕು, ಅಲ್ಲಿಯವರೆಗೆ ಕ್ರ್ಯಾಂಕನ್ನು ಮುಟ್ಟಬಾರದು ಎಂಬುದು ಈ ಬಗೆಯ ಎಂಜಿನ್ನುಗಳ ಮೊದಲ ಪಾಠ.

ಕಬ್ಬಿಣದ ಬ್ಲಾಕುಗಳಲ್ಲಿ ಕೈ ಪಳಗಿದ 1989ರ ಮೆಕ್ಯಾನಿಕ್‌ಗಳಿಗೆ ಈ ಪಾಠವನ್ನು ಹೇಳುವವರು ಬಹುಶಃ ಯಾರೂ ಇರಲಿಲ್ಲ. ಅವರು ಮೂರು ಸಲವೂ ಮೇಲಿನ ಗ್ಯಾಸ್ಕೆಟ್ಟನ್ನು ಶ್ರದ್ಧೆಯಿಂದಲೇ ಬದಲಿಸಿರಬೇಕು. ಮೂವತ್ತು ವರ್ಷ ನಾವು ಅವರನ್ನು ದೂರಿದೆವು. ಕಡೆಗೆ ಅದೇ ತಪ್ಪನ್ನು, ತಿಳಿಯುವ ಎಲ್ಲ ಅನುಕೂಲವಿದ್ದೂ, ನಾನು ಮಾಡಿದೆ.

ಕೂದಲೆಳೆಯ ಲೆಕ್ಕ

ಲೈನರಿನ ತುದಿ ಬ್ಲಾಕಿನ ಮುಖಕ್ಕಿಂತ ಇಂಚಿನ ಸಾವಿರದ ಕೆಲವು ಭಾಗಗಳಷ್ಟು ಮೇಲೆ ಚಾಚಿರಬೇಕು. ಆಗಲೇ ಹೆಡ್ಡು ಅದನ್ನು ಒತ್ತಿ ಹಿಡಿಯಬಲ್ಲದು. ಈ ಸಣ್ಣ ಅಂಕಿ ಏಕೆ ನಿರ್ಣಾಯಕವೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಅಲ್ಯೂಮಿನಿಯಮ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ದಶಲಕ್ಷದ ಸುಮಾರು 23 ಭಾಗ ಹಿಗ್ಗುತ್ತದೆ. ಎರಕದ ಕಬ್ಬಿಣ ಸುಮಾರು 11 ಭಾಗ. 100 ಮಿಲಿಮೀಟರ್ ಉದ್ದದ ಎರಡು ತುಂಡುಗಳನ್ನು 70 ಡಿಗ್ರಿ ಹೆಚ್ಚು ಕಾಯಿಸಿದರೆ ಅವುಗಳ ನಡುವೆ 0.08 ಮಿಲಿಮೀಟರ್ ಅಂತರ ಉಂಟಾಗುತ್ತದೆ, ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಓಡುವಾಗ ಲೈನರು ಬ್ಲಾಕಿಗಿಂತ ಹೆಚ್ಚು ಬಿಸಿಯಾಗಿರುವುದರಿಂದ ಈ ಅಂತರ ಸ್ವಲ್ಪ ತಗ್ಗುತ್ತದೆ. ಆದರೆ ನೀರು ಬತ್ತಿ ಎಂಜಿನ್ ವಿಪರೀತ ಕಾದಾಗ ಚಾಚಿಕೊಂಡ ಆ ಕೂದಲೆಳೆ ಮಾಯವಾಗಿ ಹಿಡಿತ ಸಡಿಲುತ್ತದೆ. ನಂದಿಬೆಟ್ಟದ ಏರಿನಲ್ಲಿ ಆರಂಭವಾದದ್ದು ಇದೇ ಇರಬೇಕೆಂದು ನನ್ನ ಊಹೆ.

ಪೂರ್ಣ ಜೋಡಣೆ

ತಯಾರಕರು ಕಣ್ಮರೆಯಾದರೂ ಈ ಎಂಜಿನ್ನಿನ ಬಿಡಿಭಾಗಗಳು ಬ್ರಿಟನ್ನಿನಲ್ಲಿ ಸಿಗುತ್ತವೆ. ಅಲ್ಲಿನ 750 ಮೋಟಾರ್ ಕ್ಲಬ್ಬಿನ ಪಂದ್ಯಗಳಲ್ಲಿ ಇದು ಬಹುಕಾಲ ಬಳಕೆಯಲ್ಲಿತ್ತು. ಕಿಟನ್ ಮಾಲೀಕರಿಗೇ ಮೀಸಲಾದ ಕೂಟವೂ ಇದೆ. ಲೈನರಿನ ಬುಡದ ಗ್ಯಾಸ್ಕೆಟ್ಟುಗಳು, ರಿಂಗುಗಳು, ಬೇರಿಂಗುಗಳು ಫೋರ್ಟ್ ಲೀಗೆ ಬಂದು, 2024ರ ಡಿಸೆಂಬರಿನಲ್ಲಿ ನನ್ನೊಡನೆ ಬೆಂಗಳೂರಿಗೆ ಪ್ರಯಾಣ ಮಾಡಿದವು.

ಈ ಸಲ ಬ್ಲಾಕನ್ನು ಪೂರ್ತಿ ಬರಿದು ಮಾಡಿದೆವು. ಲೈನರುಗಳ ಸುತ್ತ ಬೆರಳು ದಪ್ಪ ತುಕ್ಕಿನ ಕೆಸರಿತ್ತು. ಲೈನರು ಕೂರುವ ಅಂಚನ್ನು ಉಗುರಿಗೂ ಕಸ ತಾಗದಂತೆ ಶುಚಿಗೊಳಿಸಿ, ಹೊಸ ಗ್ಯಾಸ್ಕೆಟ್ಟಿನ ಮೇಲೆ ಲೈನರು ನಿಲ್ಲಿಸಿ, ಉಕ್ಕಿನ ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ನಾಲ್ಕನ್ನೂ ಅಳೆದೆವು. ಒಂದು ತಗ್ಗಿತ್ತು, ಕಳಚಿ ನೋಡಿದರೆ ಅಂಚಿನಲ್ಲಿ ಸಾಸಿವೆಯ ಚೂರಿನಷ್ಟು ಗುಳಿ. ಅದನ್ನು ಸರಿಪಡಿಸಿ ಮತ್ತೆ ಅಳೆಯಲು ಒಂದು ದಿನ ಹೋಯಿತು. ಮೂರು ಬೇರಿಂಗುಗಳ ಮೇಲೆ ಕುಳಿತುಕೊಳ್ಳುವ ಕ್ರ್ಯಾಂಕಿನ ಸಂದುಗಳನ್ನು ಪ್ಲಾಸ್ಟಿಗೇಜಿನಿಂದ ಪರೀಕ್ಷಿಸಿದೆವು. ಇದು ಮೃದುವಾದ ನೂಲಿನಂಥ ವಸ್ತು. ಬೇರಿಂಗಿನಲ್ಲಿಟ್ಟು, ಬಿಗಿದು, ಮತ್ತೆ ಬಿಚ್ಚಿದಾಗ ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆಯೆಂಬುದರಿಂದ ಸಂದು ತಿಳಿಯುತ್ತದೆ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿದೆವು.

ವೈದ್ಯನಾಗಿ ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣದಾಗಿ ಕೆರೆದು ಧೂಳೆಬ್ಬಿಸಬಾರದು, ನೆನೆಸಿ ತೆಗೆಯಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು; ಒಳಗಿನ ನೀರು ಒತ್ತಡದಲ್ಲಿರುತ್ತದೆ, ಮುಖ ಸುಡುತ್ತದೆ. ಬಹುತೇಕ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ದೇಹದಲ್ಲಿ ಅದು ಆಕ್ಸಲೇಟ್ ಆಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟಕದಂತೆ ಇಡಬೇಕು. ನೀರಿನ ಬಾಟಲಿಯಲ್ಲಿ ತುಂಬಿಡಲೇಬಾರದು. ಯಾರಾದರೂ ಕುಡಿದರೆಂಬ ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಇದಕ್ಕೆ ಪ್ರತಿವಿಷವಿದೆ, ಆದರೆ ಅದನ್ನು ಬೇಗ ಕೊಟ್ಟಷ್ಟೂ ಫಲ ಹೆಚ್ಚು.

ಎಂಜಿನ್ ಕೆಲಸವನ್ನು ಶಸ್ತ್ರಚಿಕಿತ್ಸೆಗೆ ಹೋಲಿಸುವುದು ವಾಡಿಕೆ. ಚರಿತ್ರೆ ಕೇಳುವುದು, ಪರೀಕ್ಷಿಸುವುದು, ಆಮೇಲೆ ಕೈ ಹಚ್ಚುವುದು ಎಂಬಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ ದೇಹ ತಾನಾಗಿ ಮಾಯುತ್ತದೆ. ನಮ್ಮ ಸಣ್ಣಪುಟ್ಟ ಲೋಪಗಳನ್ನು ತಾನೇ ಸರಿಪಡಿಸಿಕೊಂಡು ಕೀರ್ತಿಯನ್ನು ನಮಗೆ ಬಿಡುತ್ತದೆ. ಎಂಜಿನ್ ಯಾವ ಲೋಪವನ್ನೂ ತಾನಾಗಿ ಸರಿಪಡಿಸಿಕೊಳ್ಳುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ಮರೆತ ಲೈನರು ಒಂದು ವರ್ಷದ ನಂತರ ಹಾಗೆಯೇ ಕಾದು ಕುಳಿತಿತ್ತು.

ಫಲಿತಾಂಶ

2025ರ ಜನವರಿಯ ಮೊದಲ ವಾರ ಎಂಜಿನ್ ಹೊತ್ತಿಕೊಂಡಿತು. ಒಂದು ಗಂಟೆ ಓಡಿಸಿ ಆಯಿಲು ನೋಡಿದೆವು. ಮರುದಿನ ಮತ್ತೆ ನೋಡಿದೆವು. ಬಣ್ಣ ಬದಲಾಗಿರಲಿಲ್ಲ. ಕಾರು ರಸ್ತೆಗಿಳಿಯುವ ಸ್ಥಿತಿಯಲ್ಲಿಲ್ಲ. ಭಾರತದಲ್ಲಿ ಖಾಸಗಿ ಕಾರಿನ ನೋಂದಣಿಯ ಅವಧಿ ಹದಿನೈದು ವರ್ಷ. ಅನಂತರ ಐದೈದು ವರ್ಷಗಳಿಗೆ ನವೀಕರಿಸಬೇಕು. ನಮ್ಮದು ಎಂದೋ ತಪ್ಪಿಹೋಗಿದೆ. 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಐವತ್ತು ವರ್ಷ ತುಂಬಬೇಕು. ಡಾಲ್ಫಿನ್ನುಗಳಿಗೆ ಆ ಅರ್ಹತೆ ಬರಲು ಇನ್ನೂ ಕಾಲವಿದೆ. ಶೆಡ್ಡನ್ನು ಕೆಡವುವುದು ಸದ್ಯಕ್ಕೆ ಮುಂದಕ್ಕೆ ಹೋಗಿದೆ.

ತಂದೆಯವರಿಗೆ ಹಳೆಯ ಲೈನರೊಂದನ್ನು ಮೇಜಿನ ಮೇಲಿಟ್ಟು, ನೀರು ಎಲ್ಲಿಂದ ಇಳಿಯುತ್ತಿತ್ತೆಂದು ತೋರಿಸಿದೆ. ಬುಡದ ಅಂಚಿನ ಮೇಲೆ ಬೆರಳಾಡಿಸಿ, “ಹಾಗಾದರೆ ಗ್ಯಾರೇಜಿನವನದೂ ತಪ್ಪಿಲ್ಲ, ಕಾರಿನದೂ ಇಲ್ಲ,” ಎಂದರು. ಕಾರು ಆರಿಸಿಕೊಂಡವರದೂ ಇಲ್ಲವೆಂದು ನಾನು ಸೇರಿಸಿದೆ. ಅದಕ್ಕೆ ಅವರು ಏನೂ ಹೇಳಲಿಲ್ಲ.

ಎಂಜಿನ್ನಿನ ಎಲ್ಲ ಅಳತೆಗಳನ್ನೂ, ಹೆಡ್ಡು ಬಿಚ್ಚಿದರೆ ಮೊದಲು ಏನು ಮಾಡಬೇಕೆಂಬುದನ್ನೂ, ಬರಿಯ ನೀರು ಹಾಕಬಾರದೆಂಬುದನ್ನೂ ಕನ್ನಡದಲ್ಲಿ ಒಂದು ನೋಟ್ ಪುಸ್ತಕದಲ್ಲಿ ಬರೆದು ಕಾರಿನಲ್ಲಿಯೇ ಇಟ್ಟಿದ್ದೇನೆ. ನಿಮ್ಮ ಊರಿನ ಮನೆಯಲ್ಲಿಯೂ ತಯಾರಕರಿಲ್ಲದ ಯಂತ್ರವೊಂದು, ಅದು ಕಾರೋ, ಪಂಪೋ, ಜಾವಾ ಬೈಕೋ, ಟಾರ್ಪಾಲಿನ ಅಡಿಯಲ್ಲಿದ್ದರೆ, ಅದನ್ನು ಬಲ್ಲವರು ಇರುವಾಗಲೇ ಹೀಗೊಂದು ಪುಸ್ತಕ ಬರೆಸಿಡಿ. ನಮ್ಮ ಕಾರಿಗೆ 1984ರಲ್ಲಿ ಬೇಕಾಗಿದ್ದದ್ದು ಅದೇ ಎರಡು ಪುಟ.